ಮೊಬೈಲ್ ಕಂಪನಿ ಬದಲಾಯಿಸಲು ಬಂದವರು

ಹಾಲಿನವನನ್ನು, ಚೀಟಿ ನಡೆಸುವವರನ್ನು ಕಣ್ಣು ಮುಚ್ಚಿ ನಂಬುವ ಜನ ಕೂಡ ಮೊಬೈಲ್ ಅಂಗಡಿ ಮೆಟ್ಟಿಲು ಹತ್ತುವಾಗ ಮಾತ್ರ ಕಣ್ಣು ಕಿರಿದು ಮಾಡಿಕೊಂಡೇ ಹತ್ತುತ್ತಾರೆ. ಎರಡು ಸಾವಿರದ ಇಸವಿ ಕಳೆದ ಮೇಲೆ ಬಿಟಿಎಂ ಲೇಔಟಿನಲ್ಲಿ ಒಂದೇ ಕಂಪನಿಯ ಸಿಮ್ಮು, ಡಾಂಗಲ್ಲು ಮಾರುವ ನನ್ನದೊಂದು ಸಣ್ಣ ಮೊಬೈಲ್ ಅಂಗಡಿ ಇತ್ತು. ಆಗ ಕಂಪನಿ ಬದಲಾಯಿಸಿದರೆ ನಂಬರೂ ಬದಲಾಗುತ್ತಿತ್ತು. ಫೋನು ಹೊಸ ಸಿಮ್ ಹಿಡಿಯುತ್ತೋ ಇಲ್ಲವೋ, ಮನೆಯೊಳಗೆ ಸಿಗ್ನಲ್ ಬರುತ್ತೋ ಇಲ್ಲವೋ, ಇಂಟರ್ನೆಟ್ ಓಡುತ್ತೋ ತೆವಳುತ್ತೋ, ಎಲ್ಲ ನಾನೇ ನೋಡಿ ಹೇಳಬೇಕು. ಹೇಳಿದರೆ ಯಾರೂ ನಂಬುತ್ತಿರಲಿಲ್ಲ.

ಸಿಮ್ ತೆಗೆದವರು ಯಾರು?

ಬೇಗೂರಿನಿಂದ ಒಬ್ಬ ಯಜಮಾನರು ಬಂದರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಬಾಡಿಗೆ ಮನೆ ಕಟ್ಟಿಸಿದ್ದವರು.

"ಈ ಕಂಪನಿ ಸಾಕಾಗೋಯ್ತು. ನಿಮ್ದು ಹಾಕ್ಕೊಡಿ" ಎಂದು ಫೋನ್ ಮುಂದಿಟ್ಟರು. ಕೈ ಮಾತ್ರ ಅದರ ಮೇಲಿಂದ ತೆಗೆಯಲಿಲ್ಲ. ಬ್ಯಾಟರಿಯನ್ನೂ ಅವರೇ ಬಿಚ್ಚಿದರು. ನೋಡಿದರೆ ಒಳಗೆ ಸಿಮ್ ಕೂರಿಸುವ ಜಾಗವೇ ಇಲ್ಲ. ಆಗ ಅಂಥ ಸೆಟ್ಟುಗಳೂ ಬರುತ್ತಿದ್ದವು; ನಂಬರನ್ನು ಕಂಪನಿಯವರು ಸೆಟ್ಟಿನೊಳಗೇ ಸೇರಿಸಿ ಕೊಡುತ್ತಿದ್ದರು. ಕಂಪನಿ ಬಿಡಬೇಕೆಂದರೆ ಸೆಟ್ಟನ್ನೂ ಬಿಡಬೇಕು.

"ಯಜಮಾನ್ರೇ, ಇದ್ರಲ್ಲಿ ಸಿಮ್ಮೇ ಇಲ್ಲ" ಎಂದೆ.

ಅವರ ಮುಖ ಕೆಂಪಾಯಿತು. "ಯಾವನ್ ತೆಗ್ದ? ದಿಂಬಿನ ಕೆಳಗೇ ಇಟ್ಕೊಂಡು ಮಲಗ್ತೀನಲ್ಲ!"

"ಯಾರೂ ತೆಗ್ದಿಲ್ಲ. ಮೊದ್ಲಿಂದಾನೂ ಇರ್ಲಿಲ್ಲ."

ಅವರು ಫೋನನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು:

"ಹಂಗಾದ್ರೆ ಇಷ್ಟ್ ದಿನ ನಮ್ ಬೀಗ್ರು ಅಂತ ನನ್ ಹತ್ರ ಮಾತಾಡ್ತಿದ್ದೋನು ಯಾರು?"

ಆಂಟಿ ಮನೆ ಸಿಗ್ನಲ್

ಗದಗ ಕಡೆಯ ಒಬ್ಬ ಹುಡುಗ ಬಿಟಿಎಂನಲ್ಲೇ ರೂಮ್ ಮಾಡಿಕೊಂಡು ಆಫೀಸಿಗೆ ಹೋಗುತ್ತಿದ್ದ. ಹಳೆಯ ಕಂಪನಿಯ ಸಿಗ್ನಲ್ ಅವನ ರೂಮಿನಲ್ಲಿ ಸಿಗುತ್ತಿರಲಿಲ್ಲ.

"ನಿಮ್ದು ಬರ್ತೈತೇನ್ರಿ?"

"ಬರುತ್ತೆ."

"ಎಲ್ಲಾರೂ ಹಂಗ ಅಂತಾರ್ರಿ. ನೀವ ಬಂದು ತೋರಸ್ರಿ."

ನನ್ನ ಫೋನ್ ಹಿಡಿದು ಅವನ ಜೊತೆ ಹೋದೆ. ರೂಮಿನ ಮೂಲೆ ಮೂಲೆ ಸುತ್ತಿದೆವು. ಕೈಯನ್ನು ಕಿಟಕಿಯ ಆಚೆ ಚಾಚಿದಾಗ ಮಾತ್ರ ಪೂರ್ತಿ ಕಡ್ಡಿ ಬಂತು. ಎದುರಿಗೇ ಪಕ್ಕದ ಮನೆಯ ಅಡುಗೆಮನೆ ಕಿಟಕಿ. ಅಲ್ಲಿದ್ದ ಆಂಟಿ ಸೌಟು ಹಿಡಿದು ನಿಂತರು.

"ಏನ್ರೀ ಅದು? ಫೋಟೋ ಹೊಡೀತಿದೀರಾ?"

"ಇಲ್ಲ ಆಂಟಿ, ಸಿಗ್ನಲ್ ನೋಡ್ತಿದೀವಿ. ನಿಮ್ ಕಡೆಯಿಂದ ಚೆನ್ನಾಗಿ ಬರ್ತಿದೆ" ಎಂದುಬಿಟ್ಟೆ.

"ಓಹೋ! ಹೇಳ್ದೆ ಕೇಳ್ದೆ ಎಳ್ಕೋತಿದೀರಾ? ನಮಗೆ ಕಮ್ಮಿ ಆದ್ರೆ?" ದಡಾರನೆ ಕಿಟಕಿ ಹಾಕಿಕೊಂಡರು.

ಅದೇನು ಗ್ರಹಚಾರವೋ, ಅದೇ ಹೊತ್ತಿಗೆ ಫೋನಿನ ಕಡ್ಡಿಗಳೂ ಮಾಯವಾದವು. ಕಿಟಕಿಗೂ ಸಿಗ್ನಲ್ಲಿಗೂ ಸಂಬಂಧವಿಲ್ಲ ಎಂದು ನಾನು ಹೇಳುತ್ತಲೇ ಇದ್ದೆ. ಹುಡುಗ ನನ್ನನ್ನು ಪಕ್ಕಕ್ಕೆ ಸರಿಸಿ ಅರ್ಧ ಮೈ ಹೊರಗೆ ಹಾಕಿ ಕೂಗಿದ:

"ಆಂಟೀ, ಸ್ವಲ್ಪ ಕಿಡಕಿ ತೆಗೀರಿ! ಅವ್ವಗ ಫೋನ್ ಹಚ್ಚೋದೈತ್ರಿ!"

ಮೂಗಿನಿಂದ ಕೆಳಗೆ

ಜಯನಗರದ ಒಬ್ಬ ನಿವೃತ್ತ ಅಧಿಕಾರಿಗಳು ಕಂಪ್ಯೂಟರಿಗೆ ಸಿಕ್ಕಿಸುವ ಇಂಟರ್ನೆಟ್ ಡಾಂಗಲ್ ಬದಲಾಯಿಸಬೇಕು ಎಂದು ಮನೆಗೆ ಕರೆಸಿಕೊಂಡರು. ಅವರ ಕಂಪ್ಯೂಟರಿಗೆ ನಮ್ಮ ಡಾಂಗಲ್ ಹೊಂದಿಕೊಂಡಿತು. ಸ್ಪೀಡ್ ಅಳೆಯುವ ಪುಟ ತೆರೆದು ತೋರಿಸಿದೆ, ಮುಳ್ಳು ಜೋರಾಗಿ ಮೇಲೇರಿತು.

"ಈ ಮುಳ್ಳು ತಿರುಗಿಸೋರೂ ನಿಮ್ಮೋರೇ ತಾನೇ?" ಎಂದರು.

ಅವರ ಹತ್ತಿರ ಬೇರೆಯೇ ಪರೀಕ್ಷೆ ಇತ್ತು. ಮಗಳಿಗೆ ಒಂದು ಸಂಬಂಧ ಬಂದಿತ್ತು, ಹುಡುಗನ ಫೋಟೋ ಇಮೇಲಿನಲ್ಲಿತ್ತು. ಹಳೆಯ ಡಾಂಗಲ್ಲಿನಲ್ಲಿ ಅದು ತಲೆಯಿಂದ ಶುರುವಾಗಿ ಮೂಗಿನವರೆಗೆ ಇಳಿದು ನಿಂತುಬಿಡುತ್ತಿತ್ತು.

"ಕಣ್ಣು ಚೆನ್ನಾಗಿದೆ, ಅಷ್ಟು ಸಾಕು ಅಂತಾಳೆ ನನ್ನ ಮಗಳು. ಕೆಳಗೆ ಏನೋ ಮುಚ್ಚಿಡ್ತಿದಾರೆ ಅಂತ ನನಗೆ ಅನುಮಾನ" ಎಂದರು. ಮಗಳು ನಾಚಿಕೊಂಡು ಗೋಡೆ ನೋಡಿದಳು.

ಫೋಟೋ ಇಳಿಯತೊಡಗಿತು. ದಟ್ಟ ಕೂದಲು, ಅಗಲ ಹಣೆ, ಒಳ್ಳೆಯ ಕಣ್ಣು. ಮೂಗಿನ ಹತ್ತಿರ ಗಕ್ಕನೆ ನಿಂತಿತು. ನನ್ನ ಎದೆಯೂ ನಿಂತಿತು. ಮತ್ತೆ ಇಳಿಯಿತು. ಬಾಯಿ ಅಗಲವಾಗಿ ತೆರೆದಿತ್ತು. ಅದರ ಮುಂದೆ ಬಳೆ ತೊಟ್ಟ ಒಂದು ಕೈ!

"ಯಾರದ್ದು ಕೈ?" ಅಧಿಕಾರಿಗಳು ಕುರ್ಚಿಯಿಂದ ಎದ್ದರು. "ಹೇಳ್ಲಿಲ್ವಾ ನಾನು?"

ಮಗಳ ಮುಖ ಬಿಳಿಚಿಕೊಂಡಿತು. ಇನ್ನೂ ಕೆಳಗೆ, ಹುಡುಗನ ಭುಜದ ಮಟ್ಟದಲ್ಲಿ ಒಂದು ನರೆತ ತಲೆ ಕಾಣಿಸಿತು. ಹುಡುಗನ ಅಮ್ಮ. ಮಗನ ಕೊರಳಿಗೆ ಟವೆಲ್ ಸಿಕ್ಕಿಸಿ ಮೊಸರನ್ನದ ತುತ್ತು ತಿನ್ನಿಸುತ್ತಿದ್ದರು.

"ಅಬ್ಬಾ, ಅಮ್ಮ ಕಣೇ!" ಅಧಿಕಾರಿಗಳು ನಿಟ್ಟುಸಿರು ಬಿಟ್ಟು ಕೂತರು. "ಸ್ಪೀಡ್ ಚೆನ್ನಾಗಿದೆ ಕಣ್ರೀ. ಇದನ್ನೇ ತಗೋತೀನಿ."

ಮಗಳು ಎದ್ದು ಬಂದು ನಮ್ಮ ಡಾಂಗಲ್ ಕಿತ್ತು ನನ್ನ ಕೈಗೆ ಕೊಟ್ಟಳು.

"ಬೇಡ ಅಪ್ಪ, ಹಳೇ ಕಂಪನೀನೇ ಇರ್ಲಿ. ಅದ್ರಲ್ಲಿ ಹುಡುಗ ಚೆನ್ನಾಗಿದ್ದ."