ಎದುರುಮನೆ ಹಲ್ಲಿಯ ಕ್ಯಾಲ್ಸಿಯಂ ಡಬ್ಬಿ

ನನ್ನ ಹೊಟ್ಟೆ ಉರಿಸುವುದಕ್ಕೆ ನಮ್ಮ ಬೀದಿಗೆ ಏನಾದರೂ ಒಂದು ಬಂದೇ ಬರುತ್ತದೆ. ಒಂದು ಸಲ ಎದುರುಮನೆಗೆ ಮಿಕ್ಸಿ ಬಂತು, ಇನ್ನೊಂದು ಸಲ ಬಟ್ಟೆ ಒಗೆಯುವ ಮೆಷಿನ್ನು ಬಂತು. ಅವನ್ನೆಲ್ಲ ಹೇಗೋ ನುಂಗಿಕೊಂಡೆ. ಈ ಸಲ ಬಂದದ್ದು ಹಲ್ಲಿ. ಒಂದು ಹಲ್ಲಿಯನ್ನು ನೋಡಿ ಹೊಟ್ಟೆಕಿಚ್ಚು ಪಡುವ ಕಾಲ ಬರುತ್ತದೆ ಅಂತ ನಾನು ಕನಸಲ್ಲೂ ಎಣಿಸಿರಲಿಲ್ಲ.

ಗೋಡೆ ಹತ್ತದ ಹಲ್ಲಿ

ರಾಮನಗರದಲ್ಲಿ ನಮ್ಮದು ರೇಷ್ಮೆ ನೂಲು ತೆಗೆಯುವ ರೀಲರುಗಳ ಬೀದಿ. ಎದುರುಮನೆಯವಳನ್ನು ಎಲ್ಲರೂ ರೀಲರಮ್ಮ ಅಂತಾರೆ. ವಯಸ್ಸಲ್ಲಿ ನನಗಿಂತ ಚಿಕ್ಕವಳು, ಜಂಬದಲ್ಲಿ ದೊಡ್ಡವಳು. ಆದರೆ ಬೀದಿ ಹೆಂಗಸರೆಲ್ಲ ದಿನಾ ಬಂದು ಕೂರುತ್ತಿದ್ದುದು ನನ್ನ ಜಗುಲಿ ಮೇಲೆ. ಯಾರ ಸೊಸೆ ತವರಿಗೆ ಹೋದಳು, ಯಾಕೆ ಹೋದಳು, ವಾಪಸು ಬರುತ್ತಾಳೋ ಇಲ್ಲವೋ, ಎಲ್ಲ ತೀರ್ಮಾನ ಅಲ್ಲೇ ಆಗುತ್ತಿತ್ತು.

ಒಂದು ದಿನ ರೀಲರಮ್ಮನ ಮಗಳು ಗಾಜಿನ ಪೆಟ್ಟಿಗೆಯಲ್ಲಿ ಹಲ್ಲಿ ತಂದಳು. ಹೊರದೇಶದ್ದಂತೆ. ಹಳದಿ ಮೈ, ಚಿರತೆ ಥರ ಚುಕ್ಕೆ, ಮೂಲಂಗಿಯಂಥ ಬಾಲ. ಗೋಡೆ ಹತ್ತುವುದಕ್ಕೂ ಬರುವುದಿಲ್ಲ. ಮಾರನೇ ದಿನದಿಂದ ನನ್ನ ಜಗುಲಿ ಖಾಲಿ.

"ಏನ್ರವ್ವಾ, ಹಲ್ಲಿ ನೋಡಕ್ಕೆ ಅಲ್ಲಿಗ್ಯಾಕೆ ಹೋಗ್ತೀರಿ? ನಮ್ ಅಡುಗೆಮನೆ ತುಂಬಾ ಅವೆ, ಬನ್ನಿ" ಅಂತ ಕೂಗಿದೆ.

"ಅದು ಕಣ್ಣು ಮಿಟುಕುಸ್ತದೆ ಕಣಜ್ಜಿ. ನಿಮ್ಮವು ಮಿಟುಕುಸ್ತವಾ?" ಅಂದಳು ಒಬ್ಬಳು.

ನಾನೂ ಬಿಡಲಿಲ್ಲ. ಮಣೆ ಹಾಕಿಕೊಂಡು ಅಡುಗೆಮನೆ ಹಲ್ಲಿಯ ಎದುರಿಗೆ ಕೂತು ದಿಟ್ಟಿಸಿದೆ. ಅದು ಮಿಟುಕಿಸಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು.

ಬೇಹಿಗೆ ಹೋದ ತಮ್ಮ

ಮರಳವಾಡಿ ಕಡೆ ರೇಷ್ಮೆ ಹುಳ ಸಾಕುವ ನನ್ನ ತಮ್ಮ ಮಾರ್ಕೆಟ್ಟಿಗೆ ಗೂಡು ಹಾಕಿ ಮನೆಗೆ ಬಂದ. ಕಾಫಿ ಆಮೇಲೆ, ಮೊದಲು ಎದುರುಮನೆಗೆ ಹೋಗಿ ಆ ಹಲ್ಲಿಗೆ ಏನು ಹಾಕುತ್ತಾರೆ ನೋಡಿಕೊಂಡು ಬಾ ಅಂತ ಅಟ್ಟಿದೆ. ಅವನು ನಗಾಡಿಕೊಂಡು ಬರುತ್ತಾನೆ, ನಾನೂ ಜೊತೆಗೆ ನಗಬಹುದು ಅಂತ ನನ್ನ ಲೆಕ್ಕ.

ಹೋದವನು ಬರಲೇ ಇಲ್ಲ. ಎಷ್ಟೋ ಹೊತ್ತಾದ ಮೇಲೆ ಬಾಯಿ ಒರೆಸಿಕೊಂಡು ಬಂದ. ಅಲ್ಲೇ ಕಾಫಿ ಆಗಿತ್ತು.

"ಅಕ್ಕಾ, ರೇಷ್ಮೆ ಹುಳ ಮೇವು ಬಿಟ್ಟು ಜ್ವರಕ್ಕೆ ಕೂತು ಪೊರೆ ಬಿಡೋವಾಗ ನಾವು ಸುಣ್ಣದ ಪುಡಿ ಉದುರುಸ್ತೀವಲ್ಲಾ, ಹಂಗೇ ಅವರೂ ಹುಳದ ಮೇಲೆ ಬಿಳೀ ಪುಡಿ ಉದುರ್ಸಿ ಹಲ್ಲೀಗೆ ಹಾಕ್ತಾರೆ. ಕ್ಯಾಲ್ಸಿಯಂ ಅಂತೆ, ವಿಟಮಿನ್ನೂ ಸೇರೈತಂತೆ. ನಮ್ ಹುಳ ಗೂಡು ಕಟ್ತದೆ, ಅವ್ರುದು ಹೊಟ್ಟೆಗೆ ಹೋಯ್ತದೆ, ಅಷ್ಟೇ ಯತ್ವಾಸ."

"ಸರಿ, ನೀನೇನಂದೆ?"

"ನಮ್ಮನೇಲಿ ಹುಳ ಬೇಕಾದಷ್ಟು ಅವೆ, ತಂದ್ಕೊಡ್ತೀನಿ ಅಂದೆ. ಪುಡಿ ತಿನ್ನುಸ್ದಿದ್ರೆ ಪಾಪ, ಅದ್ರ ಕಾಲು ಸೊಟ್ಟಗಾಗೋಯ್ತವಂತೆ ಕಣಕ್ಕಾ."

ಮಂಡಿ ಹಿಡಿದುಕೊಂಡು ಕುಂಟುತ್ತಾ ಬಾಗಿಲವರೆಗೆ ಹೋಗಿ ಅವನನ್ನು ಕಳಿಸಿಕೊಟ್ಟವಳು ನಾನು. ನನ್ನ ಕಾಲು ಹೇಗಿದೆ ಅಂತ ಒಂದು ಮಾತು ಕೇಳಲಿಲ್ಲ ಮಹರಾಯ.

ಮಾಗಡಿಗೆ ಹೋಗಿ ಬಂದ ಸುದ್ದಿ

ಇನ್ನು ಸುಮ್ಮನಿರಬಾರದು ಅಂತ ಮಾಗಡಿಯ ನಮ್ಮ ಬೀಗಿತ್ತಿಗೆ ಫೋನ್ ಮಾಡಿದೆ. "ಯಾರ್ಗೂ ಹೇಳ್ಬೇಡಿ, ಎದುರುಮನೆಯೋರು ಹಲ್ಲಿ ಸಾಕವ್ರೆ. ಡಬ್ಬೀಲಿ ಏನೋ ಬಿಳೀ ಪುಡಿ ಮಡಗವ್ರೆ. ಮಾಟಾನೇ ಇರ್ಬೇಕು" ಅಂದೆ. ಯಾರಿಗೂ ಹೇಳಬೇಡಿ ಅಂದರೆ ಅವಳು ಎಷ್ಟು ಬೇಗ ಹೇಳುತ್ತಾಳೆ ಅಂತ ನನಗೆ ಗೊತ್ತಿತ್ತು.

ಸುದ್ದಿ ಮಾಗಡಿ ಸುತ್ತಿ, ಕನಕಪುರಕ್ಕೆ ಹೋಗಿ, ಚನ್ನಪಟ್ಟಣದ ಮೇಲೆ ವಾಪಸು ಬರುವಷ್ಟರಲ್ಲಿ ವೇಷವನ್ನೇ ಬದಲಾಯಿಸಿತ್ತು. ರಾಮನಗರದಲ್ಲಿ ಒಂದು ಚಿನ್ನದ ಹಲ್ಲಿ ಇದೆ, ಅದರ ಪುಡಿಯಿಂದ ಮಂಡಿನೋವು ವಾಸಿಯಾಗುತ್ತದೆ!

ಊರೂರಿನ ಹೆಂಗಸರು ಪುಡಿ ತುಂಬಿಕೊಳ್ಳಲು ಕುಂಕುಮದ ಭರಣಿ ಹಿಡಿದುಕೊಂಡು ಎದುರುಮನೆಗೆ ಬಂದರು. ರೀಲರಮ್ಮನ ಮಗಳು ಡಬ್ಬಿ ಎದೆಗೆ ಅವುಚಿಕೊಂಡು, "ಅಯ್ಯೋ, ಇದು ಹಲ್ಲಿ ತಿನ್ನೋ ಕ್ಯಾಲ್ಸಿಯಂ ಕಣ್ರಮ್ಮಾ!" ಅಂತ ಬಡಿದುಕೊಂಡಳು.

"ಗೊತ್ತು ಕಣವ್ವಾ, ಅದು ತಿಂದು ಮಿಕ್ಕಿದ್ದು ಪ್ರಸಾದ ತಾನೇ? ಒಸಿ ಕೊಡು" ಅಂತ ಒಬ್ಬಳು ಚಿಟಿಕೆ ತೆಗೆದು ಹಣೆಗಿಟ್ಟು, ಉಳಿದದ್ದನ್ನು ಬಾಯಿಗೆ ಹಾಕಿಕೊಂಡಳು.

ಅವಳ ಹಿಂದೆ ಸೆರಗು ಹೊದ್ದುಕೊಂಡು ನಿಂತಿದ್ದವಳನ್ನು ಕಿಟಕಿಯಿಂದ ನೋಡಿದೆ. ನಮ್ಮ ಬೀಗಿತ್ತಿ! ಹಬ್ಬಕ್ಕೆ ಕರೆದಾಗೆಲ್ಲ, ಬಸ್ಸಿನಲ್ಲಿ ಕೂತರೆ ಸೊಂಟ ಬಿದ್ದುಹೋಗುತ್ತೆ ಅನ್ನುವವಳು, "ಒಸಿ ಜಾಸ್ತೀನೇ ಹಾಕವ್ವಾ, ದೂರದಿಂದ ಬಂದಿವ್ನಿ" ಅನ್ನುತ್ತಿದ್ದಳು.

ಒಂದೇ ಔಷಧಿ

ಕೊನೆಗೆ ನನ್ನ ಮಂಡಿ ಮಡಚುವುದನ್ನೇ ನಿಲ್ಲಿಸಿತು. ಸೊಸೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ರಕ್ತ ಪರೀಕ್ಷೆ ಮಾಡಿಸಿ, "ಅಜ್ಜಿ, ಬಿಸಿಲಿಗೆ ಬರ್ತೀರೋ ಇಲ್ವೋ?" ಅಂದರು.

ನಾನು ಬಾಯಿ ತೆಗೆಯುವ ಮುಂಚೆ ಸೊಸೆ, "ಎಲ್ಲಿ ಸಾರ್! ಬೆಳಗ್ಗಿಂದ ಸಂಜೆಗಂಟ ಕಿಟಕಿ ಸಂದೀಲಿ ನಿಂತು ಎದುರುಮನೆ ಕಾಯ್ತಾರೆ" ಅಂದಳು.

"ಅದಕ್ಕೇ ವಿಟಮಿನ್ ಡಿ ಕಮ್ಮಿ ಆಗಿದೆ. ಕ್ಯಾಲ್ಸಿಯಂ ಮಾತ್ರೆ ತಗೊಳ್ಳಿ, ಬೆಳಗಿನ ಬಿಸಿಲಲ್ಲಿ ಕೂತ್ಕೊಳ್ಳಿ."

ಬೆಳಗಿನ ಬಿಸಿಲು ನಮ್ಮ ಜಗುಲಿಗೆ ಬೀಳುವುದಿಲ್ಲ. ಬೀಳುವುದು ರೀಲರಮ್ಮನ ಜಗುಲಿಗೆ. ಸಾಯುತ್ತೇನೆಯೇ ಹೊರತು ಅಲ್ಲಿ ಕೂರಲ್ಲ ಅಂತ ಹೊಸಿಲಲ್ಲೇ ನಿಂತಿದ್ದೆ.

"ಬಾರಕ್ಕಾ, ಬಿಸಿಲೇನು ನಮ್ಮಪ್ಪನ ಮನೇದಾ?" ಅಂತ ಅವಳೇ ಕೂಗಿದಳು. ಮಂಡಿ ನನ್ನ ಮಾತು ಕೇಳದೆ ಅವಳ ಮಾತು ಕೇಳಿತು.

ಜಗುಲಿಯ ನೆರಳಿನ ಮೂಲೆಯಲ್ಲಿ ಗಾಜಿನ ಪೆಟ್ಟಿಗೆ, ಅದರ ಸುತ್ತ ನನ್ನನ್ನು ಬಿಟ್ಟು ಬಂದ ಹೆಂಗಸರೆಲ್ಲ. ಮಗಳು ಪುಡಿ ಹಚ್ಚಿದ ಹುಳ ಹಲ್ಲಿಗೆ ಹಿಡಿದಳು. ಅದೇ ಹೊತ್ತಿಗೆ ರೀಲರಮ್ಮ, ನನ್ನ ಸೊಸೆ ಕೊಟ್ಟು ಹೋಗಿದ್ದ ಮಾತ್ರೆಯನ್ನು ನೀರಿನ ಜೊತೆ ನನ್ನ ಕೈಗೆ ಕೊಟ್ಟಳು. ಹಲ್ಲಿ ನುಂಗಿತು, ನಾನೂ ನುಂಗಿದೆ.

"ನೋಡ್ರವ್ವಾ, ಇಬ್ರಿಗೂ ಒಂದೇ ಔಷ್ದಿ" ಅಂದಳು ರೀಲರಮ್ಮ. "ಹಲ್ಲಿಯಾದ್ರೆ ತಿಂದ್ಮೇಲೆ ಬಾಯಿ ಮುಚ್ಕೊಂತದೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಬಾಯಿ ಒರೆಸಿಕೊಂಡೆ.

"ಅದು ಬಾಯಿ ಮುಚ್ಕೊಂಡಿರೋದಕ್ಕೇ ನಿನ್ ಜಗುಲೀಲಿ ಇಷ್ಟು ದಿನ ಒಂದ್ ಸುದ್ದೀನೂ ಹುಟ್ಟಿಲ್ಲ. ಅತ್ಲಾಗೆ ಒಸಿ ಸರ್ಕೋ, ಬಿಸಿಲು ಬೀಳ್ಲಿ. ಅಲ್ಲಾ ಕಣ್ರವ್ವಾ, ಮೂಲೆಮನೆ ಸೊಸೆ ಗಂಟು ಕಟ್ಕೊಂಡು ಹೊಂಟಿದ್ದು ಎಲ್ಗೆ ಅಂತ ನಿಮ್ಗೆ ಗೊತ್ತಾ?"

ಹೆಂಗಸರೆಲ್ಲ ಪೆಟ್ಟಿಗೆಗೆ ಬೆನ್ನು ಹಾಕಿ ನನ್ನ ಕಡೆ ತಿರುಗಿದರು. ರೀಲರಮ್ಮನೂ ತಿರುಗಿದಳು. ಅವರ ಭುಜದ ಸಂದಿಯಿಂದ ಹಲ್ಲಿ ನನ್ನನ್ನೇ ದಿಟ್ಟಿಸುತ್ತಿತ್ತು. ಅವತ್ತು ಮಾತ್ರ ಅದು ಕಣ್ಣು ಮಿಟುಕಿಸಲಿಲ್ಲ.