ಪ್ರಧಾನಿಗಳ ಹರಕೆ, ಚಿಕ್ಕಪ್ಪನ ಮುಡಿಪು

ನಮ್ಮ ದೇಶದ ಪ್ರಧಾನ ಮಂತ್ರಿಗಳು ಹೊತ್ತ ಹರಕೆಯೊಂದರ ಮುಡಿಪು ನಮ್ಮ ಕುಟುಂಬದ ವಶದಲ್ಲಿದೆ. ನೀವು ನಗಬಹುದು. ನಾನೂ ನಾಲ್ಕು ವರ್ಷ ನಕ್ಕಿದ್ದೇನೆ. ಅರಿಶಿನ ಹಚ್ಚಿದ ಬಟ್ಟೆ, ಒಳಗೊಂದು ರೂಪಾಯಿ ನಾಣ್ಯ, ನಾಲ್ಕು ಕಾಳು ಅಕ್ಕಿ, ಮೇಲೆ ಮೂರು ಗಂಟು. ಎಲ್ಲವೂ ಕ್ರಮಬದ್ಧವಾಗಿಯೇ ಇದೆ. ಒಂದೇ ಒಂದು ಕೊರತೆಯೆಂದರೆ, ಹರಕೆ ಹೊತ್ತವರಿಗೆ ಈ ವಿಷಯ ಇನ್ನೂ ಗೊತ್ತಿಲ್ಲ!

ಕಟ್ಟಿದವರು ಕರಾವಳಿಯ ಹೆಬಳೆ ಎಂಬ ಊರಿನ ನನ್ನ ಚಿಕ್ಕಪ್ಪ. ಭಟ್ಕಳದಿಂದ ಗೇರುಸೊಪ್ಪದ ತನಕ ಮೂವತ್ತು ಚಿಲ್ಲರೆ ವರ್ಷ ವಿದ್ಯುತ್ ಕಂಬ ಹತ್ತಿ ಇಳಿದು ನಿವೃತ್ತರಾದ ಲೈನ್‌ಮನ್. ಯಾರ ಮನೆಗೆ ಹೋದರೂ ಅವರ ಕಣ್ಣಿಗೆ ಮೊದಲು ಬೀಳುವುದು ಮೀಟರು, ಆಮೇಲೆ ಮನುಷ್ಯರು. ನನ್ನ ಮದುವೆ ನಿಶ್ಚಯಕ್ಕೆಂದು ಕುಮಟಾಕ್ಕೆ ಬಂದವರು ಹುಡುಗನನ್ನು ಒಂದು ಮಾತೂ ಕೇಳದೆ ಅವರ ಮನೆಯ ವೈರಿಂಗ್ ನೋಡಿ, "ಜನ ಒಳ್ಳೆಯವರು, ಅರ್ಥಿಂಗ್ ಸಮ ಉಂಟು" ಎಂದು ಅಪ್ಪನಿಗೆ ವರದಿ ಒಪ್ಪಿಸಿದ್ದರು. ಹದಿಮೂರು ವರ್ಷ ಸಂಸಾರ ಮಾಡಿದ ಮೇಲೆ ಹೇಳುತ್ತಿದ್ದೇನೆ, ವರದಿಯ ದ್ವಿತೀಯಾರ್ಧ ಸರಿಯಾಗಿಯೇ ಇತ್ತು.

ಅವರಿಗೆ ಇನ್ನೊಂದು ವಿದ್ಯೆ ಗೊತ್ತಿದೆಯಂತೆ. ಫ್ಯಾನಿನ ಗಾಳಿಗೆ ಮುಖ ಒಡ್ಡಿದರೆ ಸಾಕು, ಅದು ಗೇರುಸೊಪ್ಪದ ನೀರಿನ ಕರೆಂಟೋ, ಎಲ್ಲಿಂದಲೋ ಬಂದ ಕಲ್ಲಿದ್ದಲಿನ ಕರೆಂಟೋ ಹೇಳಿಬಿಡುತ್ತಾರಂತೆ! ಹೊನ್ನಾವರದಲ್ಲಿ ಒಂದು ಮದುವೆಗೆ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಕಣ್ಣು ಮುಚ್ಚಿ ಗಾಳಿ ಸವಿದು, "ಅಪ್ಪಟ ಗೇರುಸೊಪ್ಪದ್ದು, ತಂಪು ನೋಡು" ಎಂದರು. ಕಲ್ಯಾಣಮಂಟಪದ ಹಿಂದೆ ಡೀಸೆಲ್ ಜನರೇಟರು ಆಗಿನಿಂದಲೂ ಗುಡುಗುಡು ಎನ್ನುತ್ತಿತ್ತು. ಚಿಕ್ಕಮ್ಮ ಅವರ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕಿಸಿದಳು.

ಚಿಕ್ಕಮ್ಮನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಅವಳದು ಮಲ್ಲಿಗೆ. ಮನೆಯ ಹಿಂದೆ, ಬಾವಿಯ ಸುತ್ತ ನಲವತ್ತು ಗಿಡ. ಬೆಳಗಿನ ಜಾವ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಒಂಬತ್ತು ಗಂಟೆಯೊಳಗೆ ಹೂವಿನವನ ಕೈಗೆ ಕೊಡುತ್ತಾಳೆ. ಮದುವೆಯಾಗಿ ಬಂದ ವರ್ಷ ತವರಿನಿಂದ ತಂದು ನೆಟ್ಟ ಗಿಡದ ಸಂತತಿ ಅವೆಲ್ಲ. ಮಕ್ಕಳಿಲ್ಲದ ಆ ಮನೆಯಲ್ಲಿ ಗಿಡಗಳಿಗೆ ಜ್ವರ ಬರುವುದೂ ಉಂಟು, ಹಟ ಮಾಡುವುದೂ ಉಂಟು. ಕುಡಿಯುವಷ್ಟಕ್ಕೆ ಮಾತ್ರ ಪಂಚಾಯಿತಿಯ ನಲ್ಲಿ ಇದೆ. ಬಾವಿ ಏನಿದ್ದರೂ ಮಲ್ಲಿಗೆಗೆ. ಸಮುದ್ರ ಹತ್ತಿರವೇ ಇರುವ ಕಾರಣ ಚಿಕ್ಕಪ್ಪ ದಿನಾ ಬೆಳಿಗ್ಗೆ ಒಂದು ಬೊಗಸೆ ಬಾವಿನೀರು ಬಾಯಿಗೆ ಹಾಕಿಕೊಂಡು, "ಸಿಹಿ" ಎಂದು ಘೋಷಿಸುತ್ತಾರೆ. ಉಪ್ಪು ಬಂದ ದಿನ ಮಲ್ಲಿಗೆ ಮುಗಿಯಿತೆಂದು ಇಬ್ಬರಿಗೂ ಗೊತ್ತು. ಆ ಮಾತನ್ನು ಮಾತ್ರ ಇಬ್ಬರೂ ಆಡುವುದಿಲ್ಲ.

ಹರಕೆಯ ಪ್ರಸಂಗ ಶುರುವಾದದ್ದು ಟೀವಿ ಮುಂದೆ. ಹೊರದೇಶದಲ್ಲಿ ಹವಾಮಾನದ ದೊಡ್ಡ ಸಭೆ. ಎರಡು ಸಾವಿರದ ಎಪ್ಪತ್ತನೇ ಇಸವಿಯೊಳಗೆ ನಮ್ಮ ದೇಶ ತಾನು ಬಿಡುವ ಹೊಗೆಯನ್ನು ಕಡಿಮೆ ಮಾಡಿ, ಉಳಿದದ್ದನ್ನು ತಾನೇ ಹೀರಿಕೊಂಡು ಸೊನ್ನೆಗೆ ತರುತ್ತದೆ ಎಂದು ನಮ್ಮ ಪ್ರಧಾನಿಗಳು ಜಗತ್ತಿನ ಎದುರು ಮಾತು ಕೊಟ್ಟರು. ಊರಿನವರೆಲ್ಲ ಸುದ್ದಿ ನೋಡಿ ಚಾನೆಲ್ ಬದಲಿಸಿದರು. ಚಿಕ್ಕಪ್ಪ ಮಾತ್ರ ಬದಲಿಸಲಿಲ್ಲ. "ಇದು ಹರಕೆ ಅಲ್ದಾ? ಇಷ್ಟು ದೊಡ್ಡ ಹರಕೆ ಹೊತ್ತವರು ಮುಡಿಪು ಕಟ್ಟಿದ್ದು ತೋರಿಸ್ಲೇ ಇಲ್ಲ" ಎಂದರು. ಹೂವು ಕಟ್ಟುತ್ತಿದ್ದ ಚಿಕ್ಕಮ್ಮ ತಲೆಯೆತ್ತದೆ, "ಆ ಊರಲ್ಲಿ ಅರಿಶಿನ ಸಿಕ್ಲಿಲ್ಲ ಕಾಣ್ತದೆ" ಎಂದಳಂತೆ. ಅವಳು ತಮಾಷೆಗೆ ಅಂದದ್ದು. ಅವರು ಡಬ್ಬಿಯಿಂದ ಅರಿಶಿನ ತೆಗೆದೇಬಿಟ್ಟರು!

ಮರುದಿನ ದೇವಸ್ಥಾನದ ಭಟ್ಟರ ಹತ್ತಿರ ಸಂಕಲ್ಪಕ್ಕೆ ಹೋದರು. ಯಾರ ಹೆಸರಲ್ಲಿ ಎಂದು ಭಟ್ಟರು ಕೇಳಿದರೆ, ದೇಶದ ಹೆಸರಲ್ಲಿ. ನಕ್ಷತ್ರ? ಗೊತ್ತಿಲ್ಲ, ಆದರೆ ಹುಟ್ಟಿದ್ದು ಆಗಸ್ಟ್ ಹದಿನೈದು ನಡುರಾತ್ರಿ, ನೀವೇ ಪಂಚಾಂಗ ನೋಡಿ. ಭಟ್ಟರಿಗೆ ಆ ದಿನ ಇನ್ನೂ ಎರಡು ಮನೆಯಲ್ಲಿ ಪೂಜೆಯಿತ್ತು. ಇವರನ್ನು ಸಾಗಹಾಕಲಿಕ್ಕೆಂದು, ಇನ್ನೊಬ್ಬರ ಪರವಾಗಿ ಮುಡಿಪು ಕಟ್ಟುವುದು ಸುಲಭವಲ್ಲ, ಅವರು ತೀರಿಸುವ ತನಕ ಕಟ್ಟಿದವನೇ ನೇಮ ಹಿಡಿಯಬೇಕಾಗುತ್ತದೆ ಎಂದು ಹೆದರಿಸಿದರು. ಹೆದರುವ ಜನವೇ ಇವರು? ಹನ್ನೊಂದು ಸಾವಿರ ವೋಲ್ಟಿನ ಲೈನಿನ ಕೆಳಗೆ ಕೂತು ಬುತ್ತಿ ಬಿಚ್ಚಿದವರು. ಅಂದಿನಿಂದ ಹೊಗೆ ಕಡಿಮೆ ಮಾಡುವ ಭಾರತ ಸರ್ಕಾರದ ನೇಮ ಹೆಬಳೆಯ ಆ ಮನೆಯಲ್ಲಿ ಜಾರಿಗೆ ಬಂತು.

ಮೊದಲ ಹೊಡೆತ ಮಿಕ್ಸಿಗೆ. ಅದು ಅಟ್ಟ ಸೇರಿತು, ಹಿತ್ತಿಲ ಒರಳು ಒಳಗೆ ಬಂತು. ಚಿಕ್ಕಮ್ಮ ಎಂಟು ದಿನ ಅದರಲ್ಲೇ ಕಾಯಿ ಅರೆದಳು. ಒಂಬತ್ತನೇ ದಿನ ಟೀವಿಯಲ್ಲಿ ನಮ್ಮ ದೇಶದ ಮಂತ್ರಿಯೊಬ್ಬರು ಶ್ರೀಮಂತ ದೇಶಗಳಿಗೆ ಬುದ್ಧಿ ಹೇಳುವುದನ್ನು ಕೇಳಿಸಿಕೊಂಡಳು. ರಾತ್ರಿ ಬಡಿಸುವಾಗ ಹೇಳಿದಳಂತೆ: "ನೀವು ಮೂವತ್ತು ವರ್ಷ ಬೈಕ್ ಹೊಡೆದವರು. ನಂಗೆ ಮಿಕ್ಸಿ ಬಂದು ಎರಡು ವರ್ಷ ಆತು. ಮೊದ್ಲು ಹೊಗೆ ಬಿಟ್ಟವರು ಮೊದ್ಲು ಕಡಿಮೆ ಮಾಡುದು ನ್ಯಾಯ. ನಾನು ಇನ್ನೂ ಅಭಿವೃದ್ಧಿ ಆಗ್ತಾ ಇದ್ದವಳು."

ದೆಹಲಿಯ ವಾದವನ್ನು ಚಿಕ್ಕಪ್ಪ ಹೇಗೆ ತಳ್ಳಿಹಾಕುತ್ತಾರೆ? ಮಿಕ್ಸಿ ಅಟ್ಟದಿಂದ ಇಳಿಯಿತು, ಬೈಕು ಮಾರಿಹೋಯಿತು, ಅದರ ಜಾಗಕ್ಕೆ ಒಂದು ಸೈಕಲ್ಲು ಬಂತು. ಜಗತ್ತಿನ ಯಾವ ಸಭೆಯೂ ಇಷ್ಟು ಬೇಗ ಒಪ್ಪಂದಕ್ಕೆ ಬಂದದ್ದಿಲ್ಲ.

ಆಮೇಲೆ ಅವರ ಹೋರಾಟ ರಸ್ತೆಗೆ ಇಳಿಯಿತು. ರೈಲ್ವೆ ಸ್ಟೇಷನ್ನಿನ ಕಡೆ, ಸ್ವಲ್ಪ ಎತ್ತರದಲ್ಲಿ ಅವರ ಹಳೆಯ ಸ್ನೇಹಿತರಾದ ಸಾಹೇಬರ ಮನೆ. ಗಲ್ಫಿನ ಎಣ್ಣೆ ಬಾವಿಗಳಲ್ಲಿ ಅರ್ಧ ಆಯುಷ್ಯ ಕಳೆದು ಬಂದವರು. ಚಿಕ್ಕಪ್ಪ ಅವರ ಜಗಲಿಯಲ್ಲೇ ಕೂತು, ಅವರದೇ ಚಹಾ ಕುಡಿಯುತ್ತ, ಭೂಮಿ ಬಿಸಿಯಾದದ್ದರಲ್ಲಿ ಅವರ ಪಾಲೆಷ್ಟು ಎಂದು ವಿವರಿಸುತ್ತಿದ್ದರು. ನಾವು ಎಣ್ಣೆ ತೆಗೆಯದಿದ್ದರೆ ನೀನು ಕಂಬ ಹತ್ತಲಿಕ್ಕೆ ಯಾವ ಬೈಕಿನಲ್ಲಿ ಹೋಗುತ್ತಿದ್ದೆ ಎಂದು ಸಾಹೇಬರು ಕೇಳುತ್ತಿದ್ದರು. ಜಗಳ ಇಲ್ಲಿಗೆ ಬಂದು ನಿಂತರೆ ಇನ್ನೊಂದು ಚಹಾ ಬರುತ್ತಿತ್ತು.

ಚುನಾವಣೆ ಬಂತು. ಲೋಕಸಭೆಯ ಅಭ್ಯರ್ಥಿಯೊಬ್ಬರು ಹದಿನೇಳು ಕಾರುಗಳೊಡನೆ ಹೆಬಳೆಗೆ ದಯಮಾಡಿಸಿದರು. ಹದಿನೇಳು ಎಂದು ಎಣಿಸಿದವರು ಯಾರೆಂದು ಬೇರೆ ಹೇಳಬೇಕೇ? ಅಭ್ಯರ್ಥಿ ಕೈ ಮುಗಿದರು. ಚಿಕ್ಕಪ್ಪನೂ ಮುಗಿದರು. ಮುಗಿದ ಕೈ ಬಿಡಿಸದೆಯೇ, ಎಪ್ಪತ್ತನೇ ಇಸವಿಗೆ ನಿಮಗೆ ಎಷ್ಟು ವರ್ಷವಾಗುತ್ತದೆ ಎಂದು ಕೇಳಿದರು. ಅಭ್ಯರ್ಥಿ ನಕ್ಕು, ನಿಮ್ಮ ಆಶೀರ್ವಾದ ಇದ್ದರೆ ಅಲ್ಲಿಯವರೆಗೂ ಇರುತ್ತೇನೆ ಎಂದರು.

"ಇರಿ," ಎಂದರು ಚಿಕ್ಕಪ್ಪ. "ಆದ್ರೆ ಎಂಜಿನ್ ಆರಿಸಿ."

ಹದಿನೇಳು ಕಾರುಗಳೂ ಒಳಗಿನ ತಂಪು ಕೆಡದಿರಲೆಂದು ಉರಿಯುತ್ತ ನಿಂತಿದ್ದವು. ಮತದಾರನ ಮಾತು, ಆರಿಸಲೇಬೇಕಾಯಿತು. ಏಪ್ರಿಲ್ ತಿಂಗಳ ಸೆಕೆಯಲ್ಲಿ ನಿಂತು ಅಭ್ಯರ್ಥಿ ಪರಿಸರದ ಬಗ್ಗೆ ಎರಡು ನಿಮಿಷ ಮಾತಾಡಿ ಬೆವರೊರೆಸಿಕೊಂಡು ಹೊರಟರು. ಮುಂದಿನ ವಾರ ಎದುರು ಪಕ್ಷದವರು ಬಂದಾಗ ಎರಡು ಮನೆ ಆಚೆಯೇ ಎಂಜಿನ್ ಆರಿಸಿ ನಡೆದುಕೊಂಡು ಬಂದರು. ಹವಾಮಾನದ ವಿಷಯದಲ್ಲಿ ದೇಶದ ಎರಡೂ ಪಕ್ಷಗಳು ಒಂದಾದ ದಿನವೆಂದು ಚಿಕ್ಕಪ್ಪ ನನಗೆ ಫೋನು ಮಾಡಿ ತಿಳಿಸಿದರು.

ದೆಹಲಿಗೆ ತಿಂಗಳಿಗೊಂದು ಕಾರ್ಡು ತಪ್ಪದೆ ಹೋಗುತ್ತಿತ್ತು. ಒಕ್ಕಣೆ ಚಿಕ್ಕದು. ತಮ್ಮ ಮುಡಿಪು ಕ್ಷೇಮ. ನಮ್ಮ ಬಾವಿಯ ನೀರು ಸಿಹಿ. ಕಲ್ಲಿದ್ದಲು ಎಷ್ಟು ಕಡಿಮೆಯಾಯಿತು, ತಿಳಿಸುವುದು. ಒಂದು ಸಲ ಮಾತ್ರ ತಪ್ಪೊಪ್ಪಿಗೆಯನ್ನೂ ಬರೆದರು: ನನ್ನ ಹೆಂಡತಿಯ ಮಲ್ಲಿಗೆ ವಿಮಾನ ಹತ್ತಿ ದುಬೈಗೆ ಹೋಗುತ್ತದೆಂದು ಈಗ ತಿಳಿಯಿತು, ಹಡಗಿನಲ್ಲಿ ಕಳಿಸಿದರೆ ಬಾಡುತ್ತದೆ, ಏನು ಮಾಡುವುದು? ಈ ಕಾರ್ಡು ದೆಹಲಿಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲೂಕಿಗೆ ಇಳಿದು, ಎಂಟನೇ ತಿಂಗಳಿಗೆ ಪಂಚಾಯಿತಿಯವರ ಕೈ ಸೇರಿತು. ಅವರು ಫೈಲು ಹಿಡಿದು ಬಂದು, ಹವಾಮಾನದ ದೂರು ಇತ್ಯರ್ಥವಾಗಿದೆ ಎಂದು ಇಲ್ಲಿ ಒಂದು ಸಹಿ ಹಾಕಿ ಎಂದು ಚಿಕ್ಕಪ್ಪನನ್ನೇ ಕೇಳಿದರು! ಚಿಕ್ಕಪ್ಪನಿಗೆ ಬೇಸರವಾಗಲಿಲ್ಲ. "ಮೇಲಿಂದ ಬಿಟ್ಟ ಕರೆಂಟು ಕಡೆಗೆ ನೆಲಕ್ಕೇ ಬರ್ಬೇಕಲ್ಲ" ಎಂದರು. ಸಹಿ ಮಾತ್ರ ಹಾಕಲಿಲ್ಲ.

ಇವನ್ನೆಲ್ಲ ನಾನು ಕುಮಟಾದ ನಮ್ಮ ಶಾಲೆಯ ಸ್ಟಾಫ್‌ರೂಮಿನಲ್ಲಿ ಅಭಿನಯಿಸಿ ತೋರಿಸುತ್ತಿದ್ದೆ. ಬಿಡುವಿನ ವೇಳೆಗೆ ಬೇಡಿಕೆ ಬರುತ್ತಿತ್ತು. ಚಿಕ್ಕಪ್ಪನ ಹೊಸ ಸಮಾಚಾರ ಎಂತ ಟೀಚರ್?

ಈ ವರ್ಷ ಮಾರ್ಚ್ ಕೊನೆಗೆ, ಒಂದು ಭಾನುವಾರ, ಮೊದಲ ಬಸ್ಸಿಗೇ ಹೊರಟು ಹೆಬಳೆಗೆ ಹೋದೆ. ಇಳಿದು ನಡೆಯುತ್ತಿದ್ದಾಗ ಎದುರಿಗೆ ಚಿಕ್ಕಪ್ಪ ಬಂದರು. ಸೈಕಲ್ ಹೊಡೆಯುತ್ತಿರಲಿಲ್ಲ, ತಳ್ಳುತ್ತಿದ್ದರು. ಕ್ಯಾರಿಯರಿನ ಎರಡೂ ಬದಿಗೆ ನೀರು ತುಂಬಿದ ಕ್ಯಾನು. ಎಪ್ಪತ್ತೆರಡು ವರ್ಷದ ಮನುಷ್ಯ, ಬನಿಯನ್ ಪೂರ್ತಿ ಒದ್ದೆ. ನನ್ನನ್ನು ಕಂಡು ಕದ್ದು ಸಿಕ್ಕಿಬಿದ್ದವರ ಹಾಗೆ ನಿಂತುಬಿಟ್ಟರು.

ಶಿವರಾತ್ರಿ ಕಳೆದ ವಾರವೇ ಬಾವಿಗೆ ಉಪ್ಪು ಬಂದಿತ್ತಂತೆ. ಸಮುದ್ರ ಏರಿತೋ, ಸುತ್ತಲಿನವರ ಬೋರ್‌ವೆಲ್ ಎಳೆಯಿತೋ, ವಿಜ್ಞಾನ ಪಾಠ ಮಾಡುವ ನನಗೂ ಹೇಳಲಾಗದು. ಇವರು ಮಾತ್ರ ದಿನಾ ಬೆಳಿಗ್ಗೆ ಅದೇ ನೀರನ್ನು ಬಾಯಿಗೆ ಹಾಕಿಕೊಂಡು, ಮುಖ ಹಿಂಡದೆ "ಸಿಹಿ" ಎನ್ನುತ್ತಿದ್ದಾರೆ. ನಿನಗೆ ಸೊಂಟ ನೋವು, ಇನ್ನು ಮೇಲೆ ನೀರು ಸೇದುವ ಕೆಲಸ ನನ್ನದು ಎಂದು ಹೇಳಿ, ಚಿಕ್ಕಮ್ಮ ಒಳಗೆ ಹೂವು ಕಟ್ಟುತ್ತ ಕೂತ ಹೊತ್ತು ನೋಡಿ ಹೊರಟು, ಸಾಹೇಬರ ಬಾವಿಯಿಂದ ನಾಲ್ಕು ಸಲ ನೀರು ತಂದು ಮಲ್ಲಿಗೆಯ ತೊಟ್ಟಿಗೆ ತುಂಬುತ್ತಿದ್ದಾರೆ. ಸಾಹೇಬರು ಕಾರು ಕಳಿಸುತ್ತೇನೆಂದರಂತೆ. ನೇಮ ಕೆಡುತ್ತದೆಂದು ಇವರು ಬೇಡ ಅಂದರಂತೆ.

"ಅವಳಿಗೆ ಹೇಳ್ಬೇಡ ತಂಗಿ. ಗಿಡ ಸತ್ರೆ ಅವಳು ತಡೆಯುದಿಲ್ಲ."

ನಾನು ಹಿಂದಿನಿಂದ ಸೈಕಲ್ ತಳ್ಳಿದೆ. ನನಗೆ ನಾಚಿಕೆಯಾಗಿತ್ತು. ಅಷ್ಟು ವರ್ಷ ನಾನು ಜನರನ್ನು ನಗಿಸಿದ್ದು ಈ ಮನುಷ್ಯನ ಭಯವನ್ನು ತೋರಿಸಿ.

ತಿಂಡಿಯಾದ ಮೇಲೆ ಅವರು ಪೇಪರ್ ಓದಲಿಕ್ಕೆ ಕೂತರು. ನಾನು ಹಿತ್ತಿಲಿಗೆ ಹೋದೆ. ಚಿಕ್ಕಮ್ಮ ಬಾವಿಕಟ್ಟೆಯ ಹತ್ತಿರ ನಿಂತು, ತೊಟ್ಟಿಯ ನೀರನ್ನು ಚೊಂಬಿನಲ್ಲಿ ತೆಗೆದು ರಾಟೆಯ ಹಗ್ಗಕ್ಕೆ ಹೊಯ್ಯುತ್ತಿದ್ದಳು. ಹಗ್ಗಕ್ಕೆ ಯಾಕೆ ನೀರು ಎಂದು ಕೇಳಿದೆ.

"ತೊಟ್ಟಿ ತುಂಬ ಸೇದ್ದೆ ಅಂತಾರೆ, ಹಗ್ಗ ಒಣಗಿ ಕಟ್ಟಿಗೆ ಆಗಿರ್ತದೆ. ಒಂದಿನ ಅವರೇ ಅದ್ನ ಕಂಡ್ರೆ, ಇದ್ನ ನೋಡಿ ನಂಗೆ ಗೊತ್ತಾಗಿರ್ಬೇಕು ಅಂತ ಅವ್ರಿಗೂ ತಿಳೀತದಲ್ಲ. ಪಾಪ, ಅಷ್ಟು ದೂರದಿಂದ ತರ್ತಾರೆ." ಚೊಂಬು ಕೆಳಗಿಟ್ಟು, ಒಂದು ಬಾಡಿದ ಎಲೆ ಕಿತ್ತು, ಅವಳು ಒಳಗೆ ಹೋದಳು.

ಸಂಜೆ ಹೊರಡುವಾಗ ಚಿಕ್ಕಮ್ಮ ಬಾಳೆ ಎಲೆಯಲ್ಲಿ ಮಲ್ಲಿಗೆ ಮಾಲೆ ಸುತ್ತಿ ಕೊಟ್ಟಳು. ಬಸ್ ಸ್ಟಾಪಿನ ತನಕ ಚಿಕ್ಕಪ್ಪ ಬಂದರು. ಬಸ್ಸು ಕಾಣಿಸಿದಾಗ ಅಂಗಿಯ ಕಿಸೆಯಿಂದ ಮುಡಿಪು ತೆಗೆದು ಆ ಎಲೆಯ ಮೇಲಿಟ್ಟರು. ಅರಿಶಿನ ಮಾಸಿತ್ತು. ಅಂದು ಅಭ್ಯರ್ಥಿಗೆ ಕೇಳಿದ್ದ ಪ್ರಶ್ನೆಯನ್ನು ನನಗೆ ಅದೇ ಮೊದಲ ಸಲ ಕೇಳಿದರು. ಎಪ್ಪತ್ತನೇ ಇಸವಿಗೆ ನಿನಗೆಷ್ಟು?

ಎಂಬತ್ತಮೂರು, ಎಂದೆ.

"ಆತು. ನಾ ಇರುದಿಲ್ಲ, ಅವಳೂ ಇರುದಿಲ್ಲ. ನೀ ಇರ್ತೀ. ಅವರು ತೀರಿಸಿದ ದಿವಸ ಬಿಚ್ಚು."

ತೀರಿಸದೇ ಹೋದರೆ ಎಂದು ಕೇಳಿದೆ. ತಮಾಷೆಗೆ ಕೇಳಲಿಲ್ಲ.

ಅವರು ಬಸ್ಸಿಗೆ ಕೈ ಮಾಡುತ್ತ ಹೇಳಿದರು: "ತೀರಿಸೋವರೆಗೆ ಯಾರಾದ್ರೂ ನೀರು ಹೊರ್ಬೇಕಲ್ಲ ತಂಗಿ."

ಕಿಟಕಿಯ ಹತ್ತಿರ ಕೂತು ಹೊನ್ನಾವರದ ತನಕ ಅತ್ತೆ. ಹೊನ್ನಾವರ ನಿಲ್ದಾಣದಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ. ಡ್ರೈವರು ಎಂಜಿನ್ನನ್ನು ಹಾಗೆಯೇ ಬಿಟ್ಟು ಸೀಟಿನಲ್ಲೇ ಫೋನು ನೋಡುತ್ತಿದ್ದ. ಹೊಗೆ ಕಿಟಕಿಯೊಳಗೆ ಬರುತ್ತಿತ್ತು. ಎಲೆಯ ಪೊಟ್ಟಣವನ್ನು ಎದೆಗೆ ಅವುಚಿಕೊಂಡು ಎದ್ದುಹೋಗಿ ಹೇಳಿದೆ, ಎಂಜಿನ್ ಆರಿಸಿ.

ಅವನು ನನ್ನ ಕೆಂಪು ಕಣ್ಣು ನೋಡಿದ, ಕೈಯಲ್ಲಿದ್ದ ಮಲ್ಲಿಗೆ ನೋಡಿದ. ಯಾಕೆಂದು ಕೇಳದೆ ಆರಿಸಿದ.