ನಮ್ಮೂರ ಶಾಲೆಗೆ ನನ್ನ ನೆನಪೇ ಗತಿ

ಎಂಬತ್ತು ದಾಟಿದವನ ಬಾಯಿಂದ ಊರಿಗೆ ಬೇಕಾಗುವುದು ಎರಡೇ. ಒಂದು ಆಶೀರ್ವಾದ, ಇನ್ನೊಂದು ಸುಳ್ಳು ಸಾಕ್ಷಿ. ಎರಡನ್ನೂ ಕೇಳಿಕೊಂಡು ನಮ್ಮ ಜಗಲಿಗೆ ಬರುವವರಿಗೆ ಯಾವತ್ತೂ ಬರವಿಲ್ಲ. ಆದರೆ ಈ ಸಲ ಬೇಸಿಗೆ ಶುರುವಿನಲ್ಲಿ ಬಂದಷ್ಟು ಜನ ಹಿಂದೆಂದೂ ಬಂದಿರಲಿಲ್ಲ.

ಕಾರಣ ನಮ್ಮೂರ ಸರ್ಕಾರಿ ಶಾಲೆ. ನಮ್ಮದು ಹನಗೋಡಿನ ಕಡೆ, ಲಕ್ಷ್ಮಣತೀರ್ಥದ ದಡದ ಹಳ್ಳಿ. ಶಾಲೆಯಲ್ಲಿ ಈಗ ಉಳಿದಿರುವುದು ಒಂಬತ್ತೇ ಮಕ್ಕಳು. ಜೂನಿನಿಂದ ಬೀಗ ಹಾಕಿ, ಆ ಮಕ್ಕಳನ್ನು ಪಕ್ಕದೂರಿಗೆ ಸೇರಿಸುತ್ತೇವೆ ಅಂತ ಮೇಲಿನಿಂದ ಕಾಗದ ಬಂತು. ಕೂಡಲೇ ಊರಿನವರು ಶಾಲೆ ಉಳಿಸುವ ಸಮಿತಿ ಮಾಡಿದರು. ಶಿಕ್ಷಣ ಇಲಾಖೆಯ ಸಾಹೇಬರನ್ನು ಕರೆಸಿ ಸಮಾರಂಭ ಮಾಡುವುದು, ಹಿರಿಯರೊಬ್ಬರಿಂದ ಬಾಲ್ಯದ ನೆನಪು ಹೇಳಿಸುವುದು, ಸಾಹೇಬರ ಮನಸ್ಸು ಕರಗಿಸುವುದು. ಇಷ್ಟು ಅವರ ಯೋಜನೆ. ಆ ಕಾಲದಲ್ಲಿ ಅಲ್ಲಿ ಓದಿದ ಗಂಡಸರ ಪೈಕಿ ಉಳಿದಿರುವವನು ನಾನೊಬ್ಬನೇ.

ನನಗೂ ಶಾಲೆ ಉಳಿಯಬೇಕಿತ್ತು. ನನ್ನ ಹೆಸರನ್ನು ನಾನೇ ಬರೆಯುವ ಹಾಗೆ ಮಾಡಿದ ಶಾಲೆ ಅದು. ಅದರ ಬಾಗಿಲಿಗೆ ಬೀಗ ಬೀಳುವುದನ್ನು ಕಣ್ಣಲ್ಲಿ ನೋಡಿ ಸಾಯಲು ನನಗೆ ಇಷ್ಟವಿರಲಿಲ್ಲ. ಒಪ್ಪಿಕೊಂಡೆ.

ಜಾಗ ಕೊಟ್ಟವರು

ಒಪ್ಪಿಕೊಂಡ ಮಾರನೆಯ ಬೆಳಿಗ್ಗೆಯೇ ಸಮಿತಿಯ ಕಾರ್ಯದರ್ಶಿ ಒಂದು ಚಿಪ್ಪು ಬಾಳೆಹಣ್ಣು, ಚೌಕಟ್ಟು ಹಾಕಿಸಿದ ಒಂದು ಫೋಟೊ ಹಿಡಿದು ಬಂದ. ಹಣ್ಣು ನನ್ನ ಕೈಗೆ, ಫೋಟೊ ನನ್ನ ತೊಡೆಯ ಮೇಲೆ.

"ಇವ್ರು ನೆಪ್ಪವ್ರಾ ತಾತ? ನಮ್ಮ ತಾತ. ಇಸ್ಕೂಲ್ಗೆ ಜಾಗ ಕೊಟ್ಟೋರು."

ನೆನಪಿಲ್ಲದೆ ಏನು! ನಾವು ಮಕ್ಕಳು ಗದ್ದೆಯ ಬದುವಿನ ಮೇಲೆ ನಡೆದು ಶಾಲೆಗೆ ಹೋಗುತ್ತೇವೆ ಅಂತ ಕಾರೆಮುಳ್ಳು ಕಡಿಸಿ ಅಡ್ಡ ಹಾಕಿಸಿದ ಪುಣ್ಯಾತ್ಮರು ಅವರು. ಅದನ್ನೇ ಹೇಳಿದೆ.

"ಅದು ಕಾಳಜಿ ಕಣ್ ತಾತ. ಬದಿನ ಮ್ಯಾಲೆ ಮಕ್ಳು ಜಾರಿ ಬಿದ್ದಾರು ಅಂತ."

ಶಾಲೆ ಶುರುವಾದದ್ದು ಗಂಡ ಸತ್ತ ಒಬ್ಬ ಹೆಣ್ಣುಮಗಳ ಕೊಟ್ಟಿಗೆಯಲ್ಲಿ. ಅರ್ಧದಲ್ಲಿ ಅವಳ ಹಸು, ಇನ್ನರ್ಧದಲ್ಲಿ ನಾವು. ಮಗ್ಗಿ ಹೇಳುವಾಗ ಹಸು ಗಂಜಲ ಹುಯ್ದರೆ, ಅದರ ಪಕ್ಕದಲ್ಲೇ ಕೂರುವ ಒಂದನೇ ಕ್ಲಾಸಿನವರು ಎದ್ದು ನಿಂತು ಮಗ್ಗಿ ಮುಂದುವರಿಸಬೇಕು, ನಿಲ್ಲಿಸಬಾರದು. ಆಮೇಲೆ ಕಟ್ಟಡವೂ ಅದೇ ಜಾಗದಲ್ಲಿ ಎದ್ದಿತು. ಪಾಪ, ಆ ತಾಯಿಯ ಕಡೆಯಿಂದ ಬಾಳೆಹಣ್ಣು ಹಿಡಿದು ಬರಲು ಈಗ ಯಾರೂ ಉಳಿದಿಲ್ಲ.

ಇದನ್ನೆಲ್ಲ ವಿವರಿಸಿ, "ನಿಜ ಏಳ್ಬೇಕು ಅಂದ್ರೆ ನಮಗೆ ಜಾಗ ಬುಟ್ಕೊಟ್ಟಿದ್ದು ಆ ಹಸ ಕಣಪ್ಪಾ" ಎಂದೆ.

ಕಾರ್ಯದರ್ಶಿ ಗಡ್ಡ ಕೆರೆದುಕೊಂಡು ಯೋಚಿಸಿದ. "ಅಂಗಾದ್ರೆ ಆ ಹಸ ನಮ್ಮನೆಯಿಂದ್ಲೇ ಓಗಿರ್ಬೇಕು ನೋಡಿ ತಾತ."

ಕಷ್ಟ ಸಾಲದು

ಮುಂದಿನ ವಾರ ಸಮಿತಿಯ ಅಧ್ಯಕ್ಷರ ಬಾಮೈದ ಮೊಬೈಲಿಗೊಂದು ಕೋಲು ಸಿಕ್ಕಿಸಿಕೊಂಡು ವಿಡಿಯೋ ತೆಗೆಯಲು ಬಂದ. ಹುಣಸೂರಿನಲ್ಲಿ ಮದುವೆ ವಿಡಿಯೋ ಮಾಡುವ ಮನುಷ್ಯ. ಅವನಿಗೆ ಕಣ್ಣೀರು ಕಾಣದಿದ್ದರೆ ಕೆಲಸವಾಯಿತು ಅನ್ನಿಸುವುದಿಲ್ಲ.

ನಾನು ಹೊಳೆಯಲ್ಲಿ ಮೀನು ಹಿಡಿದದ್ದು, ಅವರೆಕಾಯಿ ಕದ್ದು ಸುಟ್ಟು ತಿಂದದ್ದು, ಮೇಷ್ಟ್ರು ನಿದ್ದೆಗೆ ಬಿದ್ದಾಗ ಅವರ ಜುಟ್ಟಿಗೂ ಹಸುವಿನ ಬಾಲಕ್ಕೂ ಗಂಟು ಹಾಕಲು ನೋಡಿದ್ದು, ಎಲ್ಲ ಹೇಳಿದೆ. ಅವನ ಮುಖ ಬಾಡಿತು.

"ಇದೆಲ್ಲ ಚೆನ್ನಾಗೈತೆ ತಾತ. ಆದ್ರೆ ಕಷ್ಟ ಇಲ್ಲ. ಒಸಿ ಕಷ್ಟ ಏಳಿ."

"ಅಂತಾ ಕಷ್ಟ ಏನೂ ಇರ್ಲಿಲ್ಲ ಕಣಪ್ಪ."

"ಕಾಲಿಗೆ ಚಪ್ಲಿ ಇತ್ತಾ?"

"ಇರ್ಲಿಲ್ಲ."

ಅವನ ಕಣ್ಣು ಮಿಂಚಿತು. "ಅದು! ಎಷ್ಟು ಸಂಕಟ ಆಗಿರ್ಬೇಕು!"

"ಯಾರಿಗೂ ಇರ್ಲಿಲ್ಲ. ಮೇಷ್ಟ್ರಿಗೂ ಇರ್ಲಿಲ್ಲ. ಇದ್ದಿದ್ರೆ ಅದ್ರಲ್ಲೇ ಬಾರಿಸ್ತಿದ್ರು. ಅದಕ್ಕೆ ನಮಗೆ ಕುಸೀನೇ ಆಗಿತ್ತು."

ಆದರೆ ಅವನು ಬಿಡುವ ಆಸಾಮಿಯಲ್ಲ. ನನ್ನ ಚಪ್ಪಲಿ ಕಳಚಿಸಿ, ಮಧ್ಯಾಹ್ನ ಒಂದು ಗಂಟೆಯ ಬಿಸಿಲಲ್ಲಿ ಟಾರು ರಸ್ತೆಯ ಮೇಲೆ ಬಸ್ ಸ್ಟ್ಯಾಂಡಿನಿಂದ ಶಾಲೆಯ ತನಕ ಮೂರು ಸಲ ನಡೆಸಿದ. ಮೂರನೇ ಸಲ ನಾನು ನಡೆಯಲಿಲ್ಲ, ಕುಣಿದೆ. ಕಣ್ಣಲ್ಲಿ ನೀರೂ ಬಂತು. "ಸೂಪರ್ ತಾತ!" ಎಂದು ಅವನು ಕೂಗಿದ.

ಎಂಬತ್ತೆರಡು ವರ್ಷದ ಜೀವನದಲ್ಲಿ ಚಪ್ಪಲಿಯಿಲ್ಲದ ಕಷ್ಟವನ್ನು ನಾನು ಮೊದಲು ಅನುಭವಿಸಿದ್ದು ಅವತ್ತೇ.

ತಿದ್ದುಪಡಿ

ಭಾಷಣ ಬರೆದು ತೋರಿಸಿ ಎಂದು ಅಧ್ಯಕ್ಷರು ಹೇಳಿ ಕಳಿಸಿದರು. ನಾಲ್ಕು ಹಾಳೆ ಬರೆದೆ. ಅವರಿಗೆ ಪೇಟೆಯಲ್ಲಿ ಗೊಬ್ಬರದ ಅಂಗಡಿಯಿದೆ, ಕಳೆ ಕಂಡರೆ ಸಹಿಸುವವರಲ್ಲ. ಕೆಂಪು ಪೆನ್ನು ಹಿಡಿದು ನಮ್ಮ ಜಗಲಿಯಲ್ಲೇ ಕೂತರು.

ಮೇಷ್ಟ್ರು ಹುಣಿಸೆ ಬರಲಿನಲ್ಲಿ ಹೊಡೆಯುತ್ತಿದ್ದರು ಎಂದು ಬರೆದಿದ್ದೆ. ಅದು 'ಪ್ರೀತಿಯಿಂದ ತಿದ್ದುತ್ತಿದ್ದರು' ಎಂದಾಯಿತು. ಸುಗ್ಗಿಯಲ್ಲಿ ಮಕ್ಕಳೆಲ್ಲ ರಾಗಿ ಕಣದಲ್ಲಿರುತ್ತಿದ್ದುದರಿಂದ ಮೇಷ್ಟ್ರು ಶಾಲೆಯನ್ನೇ ಕಣಕ್ಕೆ ತರುತ್ತಿದ್ದರು, ತೆನೆ ತುಳಿಯುವ ಎತ್ತಿನ ಹಿಂದೆ ಸುತ್ತು ಹೊಡೆಯುತ್ತ ನಾವು ಮಗ್ಗಿ ಕಲಿತೆವು ಎಂದಿತ್ತು. ನನಗೆ ಬಹಳ ಇಷ್ಟವಾದ ಭಾಗ ಅದು.

"ಬುಡಿ ತಾತ, ಬಾಲಕಾರ್ಮಿಕರು ಅಂತ ಕೇಸ್ ಆಗೋಯ್ತದೆ" ಎಂದು ಅಡ್ಡಗೆರೆ ಎಳೆದರು.

ಆಮೇಲೆ ಮೂರನೇ ಹಾಳೆ. ಕೆಳಗಿನ ಕೇರಿಯ ಮಕ್ಕಳನ್ನು ಒಳಗೆ ಸೇರಿಸುತ್ತಿರಲಿಲ್ಲ. ಅವರು ಗೋಡೆಯಾಚೆ, ಸೂರಿನ ನೀರು ಬೀಳುವ ಕಡೆ ಕೂತು, ಕಿಟಕಿಯಿಂದ ಬಂದಷ್ಟು ಪಾಠ ಕೇಳಬೇಕಿತ್ತು. ನಾನು ಒಳಗೆ ಬೆಚ್ಚಗೆ ಕೂತವನು. ನೆನೆಸಿಕೊಂಡರೆ ಇವತ್ತಿಗೂ ನಾಚಿಕೆಯಾಗುತ್ತದೆ, ಅದಕ್ಕೇ ಬರೆದಿದ್ದೆ.

ಅಧ್ಯಕ್ಷರು ಪೆನ್ನು ಕೆಳಗಿಟ್ಟರು. "ಇದ್ಯಾಕೆ ತಾತ ಈಗ? ಎಲ್ಲಾ ಒಟ್ಗೇ ಕೂತು ಓದ್ದೋ ಅಂತ ಹಾಕನ."

"ಸರಿ. ಎಲ್ಲಾ ಒಟ್ಗೇ ಕೂತಿದ್ದೋ, ನಡುವೆ ಒಂದು ಗೋಡೆ ಇತ್ತು ಅಂತ ಬರ್ಕೊಳಿ" ಎಂದೆ ಸಿಟ್ಟಿನಿಂದ.

ಅವರು ನಿಧಾನವಾಗಿ, ಒತ್ತಕ್ಷರ ತಪ್ಪದ ಹಾಗೆ ಬರೆದುಕೊಂಡರು. ಓದಿ ನೋಡಿ, "ಈಗ ಸರಿಯಾಯ್ತು" ಎಂದರು.

ಸಾಹೇಬರು ಬಂದ ದಿನ

ಶಾಲೆಯ ಮುಂದೆ ಶಾಮಿಯಾನ ಹಾಕಿದ್ದರು. ಸಾಹೇಬರು ಮಧ್ಯಾಹ್ನ ಮೂರಕ್ಕೆ ಬಂದರು. ಅಧ್ಯಕ್ಷರು ಸರ್ಕಾರಿ ಶಾಲೆ ತಾಯಿಯ ಮಡಿಲು ಎಂದರು. ಕಾರ್ಯದರ್ಶಿ, ತನ್ನ ತಾತ ಜಾಗ ಕೊಟ್ಟ ಮಡಿಲು ಎಂದ. ಸಾಹೇಬರು ಆಕಳಿಸಿ ಕೈಗಡಿಯಾರ ನೋಡಿದರು. ಅವರ ಮುಂದಿದ್ದ ಫೈಲು ನನ್ನ ಕಣ್ಣಿಗೆ ಬೀಗದ ಹಾಗೇ ಕಾಣುತ್ತಿತ್ತು.

ನನ್ನ ಸರದಿ ಬಂತು. ಕೈಯಲ್ಲಿ ತಿದ್ದಿದ ಹಾಳೆ. ಎರಡು ಸಾಲು ಓದುವಷ್ಟರಲ್ಲಿ ಸಾಹೇಬರು ಇನ್ನೊಮ್ಮೆ ಆಕಳಿಸಿದರು. ನನಗೆ ದಿಗಿಲಾಯಿತು. ಶಾಲೆ ಕೈಬಿಟ್ಟು ಹೋಯಿತು ಅನ್ನಿಸಿ ಹಾಳೆ ಮಡಚಿ ಜೇಬಿಗಿಟ್ಟೆ. ಆಮೇಲೆ ಬಾಯಿಗೆ ಬಂದದ್ದಕ್ಕೆ ನಾನು ಹೊಣೆಯಲ್ಲ.

"ಸ್ವಾಮಿ, ಆಷಾಢದಲ್ಲಿ ಲಕ್ಷ್ಮಣತೀರ್ಥ ದಡ ಮೀರಿ ಹರೀತಿತ್ತು. ಮರ ಮರಾನೇ ತೇಲ್ಕೊಂಡು ಬರ್ತಿದ್ವು. ಆರು ವರ್ಷದ ಮಗು ನಾನು. ಸ್ಲೇಟು ತಲೆ ಮೇಲೆ ಕಟ್ಕೊಂಡು ಆ ಹೊಳೇನ ಈಜಿ ದಾಟ್ತಿದ್ದೆ ಸ್ವಾಮಿ, ಈ ಶಾಲೆಗೋಸ್ಕರ!"

ಸಾಹೇಬರು ನೆಟ್ಟಗೆ ಕೂತರು. ಕರ್ಚೀಫು ತೆಗೆದರು. ಜನ ಚಪ್ಪಾಳೆ ತಟ್ಟಿದರು. ನಾನೂ ಕಣ್ಣೊರೆಸಿಕೊಂಡೆ.

ಕಿವಿ ಮಂದ ಅಂತ ಮುಂದಿನ ಸಾಲಲ್ಲಿ ಕೂರಿಸಿದ್ದ ನನ್ನ ಅಕ್ಕ ಆಗ ಎದ್ದು ನಿಂತಳು. ನನಗಿಂತ ಎರಡು ವರ್ಷ ದೊಡ್ಡವಳು, ನನ್ನ ಜೊತೆ ಅದೇ ಕೊಟ್ಟಿಗೆಯಲ್ಲಿ ಓದಿದವಳು.

"ಲೇ, ಇಸ್ಕೂಲು ಈ ದಡದಾಗೆ. ನಮ್ಮನೇನೂ ಈ ದಡದಾಗೆ. ಒಳೆ ಯಾಕ್ಲಾ ದಾಟ್ದೆ?"

ನಾನು ನೀರು ಕುಡಿದೆ.

"ತಪ್ಪಿಸ್ಕೊಂಡೋಗಕ್ಕೆ ಕಣ್ ಸ್ವಾಮಿ!" ಎಂದು ಅವಳೇ ಸಾಹೇಬರಿಗೆ ಉತ್ತರ ಕೊಟ್ಟಳು. "ಪಾಠ ಅಂದ್ರೆ ಇವ್ನು ಒಳೆಗೆ ಬೀಳೋನು. ಮೇಷ್ಟ್ರು ದಿನಾ ಆಚೆ ದಡಕ್ಕೋಗಿ ಎಳ್ಕೊಂಡು ಬರೋರು."

ಸಾಹೇಬರು ಕರ್ಚೀಫಿನಲ್ಲೇ ಬಾಯಿ ಮುಚ್ಚಿಕೊಂಡು ನಕ್ಕರು. ನಗು ನಿಲ್ಲುವ ಮೊದಲೇ ಹಾರನ್ ಕೇಳಿಸಿತು. ಹುಣಸೂರಿನ ಕಾನ್ವೆಂಟಿನ ಹಳದಿ ವ್ಯಾನು! ನಾಲ್ಕೂವರೆ ಆಗಿದ್ದನ್ನು ಸಮಿತಿಯಲ್ಲಿ ಯಾರೂ ಗಮನಿಸಿರಲಿಲ್ಲ. ರಸ್ತೆಗೆ ಶಾಮಿಯಾನ ಅಡ್ಡವಿದ್ದುದರಿಂದ ಡ್ರೈವರು ಮಕ್ಕಳನ್ನೆಲ್ಲ ವೇದಿಕೆಯ ಎದುರೇ ಇಳಿಸಿದ. ಟೈ ಕಟ್ಟಿದ ಇಪ್ಪತ್ತಮೂರು ಮಕ್ಕಳು. ಇಬ್ಬರು "ತಾತಾ" ಎಂದು ಅಧ್ಯಕ್ಷರ ಕುತ್ತಿಗೆಗೆ ಜೋತುಬಿದ್ದರು. ಒಬ್ಬ ಕಾರ್ಯದರ್ಶಿಯ ಹೆಗಲೇರಿದ. ನನ್ನ ಮೊಮ್ಮಗನ ಮಗಳು ಬಂದು ನನ್ನ ತೊಡೆಯ ಮೇಲೆ ಕೂತಳು. ಕಾನ್ವೆಂಟಿಗೆ ಸೇರಿಸುವಾಗ ಪೂಜೆ ಮಾಡಿಸಿ ಕಳಿಸಿದವನು ನಾನೇ.

ಸಾಹೇಬರು ಬೆರಳು ಮಡಚಿ ಎಣಿಸಿದರು. "ಈ ಇಪ್ಪತ್ತಮೂರು ಮಕ್ಕಳನ್ನ ಜೂನಲ್ಲಿ ಇಲ್ಲಿಗೆ ಸೇರಿಸಿ. ಮುಚ್ಚೋ ಮಾತೇ ಬೇಡ, ನಾನೇ ಬರೆದುಕೊಡ್ತೀನಿ. ಮೊದಲು ಯಾರು ಸೇರಿಸ್ತೀರಿ?"

ಅಧ್ಯಕ್ಷರು ಕಾರ್ಯದರ್ಶಿಯ ಮುಖ ನೋಡಿದರು. ಕಾರ್ಯದರ್ಶಿ, "ಹಿರೀಕರು ದಾರಿ ತೋರಿಸ್ಬೇಕು" ಎಂದು ನನ್ನ ಮುಖ ನೋಡಿದ. ನಾನು ತೊಡೆಯ ಮೇಲಿದ್ದ ಮಗುವಿನ ಟೈ ಸರಿಮಾಡಿದೆ.

ಅಕ್ಕ ಇನ್ನೂ ನಿಂತೇ ಇದ್ದಳು. ವ್ಯಾನನ್ನೊಮ್ಮೆ, ವೇದಿಕೆಯನ್ನೊಮ್ಮೆ ನೋಡಿ, ಊರಿಗೆಲ್ಲ ಕೇಳುವ ಹಾಗೆ ಹೇಳಿದಳು.

"ಆವತ್ತು ಈ ಇಸ್ಕೂಲ್ ಬುಟ್ಟು ನೀನೊಬ್ನೇ ಓಡೋಗ್ತಿದ್ದೆ ಕಣ್ಲಾ. ಇವತ್ತು ಊರಿಗೂರೇ ವ್ಯಾನ್ ಮಾಡ್ಕೊಂಡು ಓಡೋಯ್ತಾ ಅದೆ."